ಬೆಕ್ಕಿನ ಕಾಲರ್: ಯಾವುದು ಗಟ್ಟಿಯಿರಬೇಕು, ಯಾವುದು ಬಿಟ್ಟುಕೊಡಬೇಕು

ನಾಯಿಗೆ ಬೆಲ್ಟ್ ಕೊಳ್ಳುವಾಗ ನಾವು ನೋಡುವುದು ಒಂದೇ, ಎಳೆದರೆ ತಾಳುತ್ತದೆಯೋ ಇಲ್ಲವೋ ಅಂತ. ಬೆಕ್ಕಿನ ಕಾಲರ್ ಕೊಳ್ಳುವಾಗಲೂ ಅದನ್ನೇ ನೋಡಿದರೆ ಅಪಾಯದ ಮಾಲು ಮನೆಗೆ ಬರುತ್ತದೆ. ಬೆಕ್ಕು ಕಿಟಕಿಯ ಗ್ರಿಲ್ಲಿನಲ್ಲಿ ನುಸುಳುತ್ತದೆ, ಕಾಂಪೌಂಡಿನ ಮುಳ್ಳುತಂತಿ ದಾಟುತ್ತದೆ, ಮಾವಿನ ಮರ ಹತ್ತುತ್ತದೆ, ಶೀಟಿನ ಮಾಡಿನಿಂದ ಕೆಳಕ್ಕೆ ಹಾರುತ್ತದೆ. ಹಾರುವ ಹೊತ್ತಿಗೆ ಕಾಲರ್ ಒಂದು ಮೊಳೆಗೋ ಕೊಂಬೆಗೋ ಸಿಕ್ಕಿಕೊಂಡರೆ ಇಡೀ ದೇಹದ ಭಾರ ಕತ್ತಿನ ಮೇಲೆ ಬೀಳುತ್ತದೆ. ಆಗ ಬಿಚ್ಚಿಕೊಳ್ಳದ ಕಾಲರ್ ಎಷ್ಟು ಗಟ್ಟಿಯೋ ಅಷ್ಟು ಕೆಟ್ಟದ್ದು.

ಹಾಗಂತ ಪಟಪಟನೆ ಹರಿದುಹೋಗುವ ಅಗ್ಗದ ಪಟ್ಟಿಯೇ ವಾಸಿ ಅಂದುಕೊಳ್ಳಬೇಡಿ. ಹೊಲಿಗೆ ಬಿಟ್ಟು ಅರ್ಧ ಜೋತಾಡುವ ಪಟ್ಟಿ, ಜಾರಿ ಸಡಿಲವಾಗುವ ಸ್ಲೈಡರ್, ಬಾಯಿ ಬಿಟ್ಟ ರಿಂಗ್ ಇವೂ ಬೆಕ್ಕಿಗೆ ಗಾಯ ಮಾಡುತ್ತವೆ. ಒಳ್ಳೆಯ ಕಾಲರ್‌ನಲ್ಲಿ ಪಟ್ಟಿ, ಹೊಲಿಗೆ, ಸ್ಲೈಡರ್, ರಿಂಗ್ ಎಲ್ಲವೂ ಗಟ್ಟಿಯಾಗಿದ್ದು, ಬಕಲ್ ಮಾತ್ರ ಲೆಕ್ಕ ಹಾಕಿದಷ್ಟು ಬಲಕ್ಕೆ ಬಿಟ್ಟುಕೊಡಬೇಕು. ಮನೆಯ ವೈರಿಂಗಿನಲ್ಲಿ ಫ್ಯೂಸ್ ಮಾಡುವ ಕೆಲಸವೇ ಇಲ್ಲಿ ಬಕಲ್‌ನದು. ಅದು ಇವತ್ತು ಬಿಟ್ಟುಕೊಟ್ಟ ಬಲಕ್ಕೇ ಆರು ತಿಂಗಳ ನಂತರವೂ ಬಿಟ್ಟುಕೊಡಬೇಕು. ಬೆಕ್ಕಿನ ಕಾಲರ್ ಬಾಳಿಕೆ ಬರುತ್ತದೆ ಅನ್ನುವುದಕ್ಕೆ ಅರ್ಥ ಇಷ್ಟೇ.

ಬಕಲ್‌ನಿಂದ ಶುರುಮಾಡಿ

ಅಂಗಡಿಯಲ್ಲಿ ಸಿಗುವ ಬಕಲ್‌ಗಳಲ್ಲಿ ಮುಖ್ಯವಾಗಿ ಮೂರು ಜಾತಿ. ಮೊದಲನೆಯದು ತೂತಿಗೆ ಕಡ್ಡಿ ಸಿಕ್ಕಿಸುವ ಲೋಹದ ಬಕಲ್, ನಮ್ಮ ಸೊಂಟದ ಬೆಲ್ಟಿನದೇ ಸಣ್ಣ ರೂಪ. ಇದು ತಾನಾಗಿ ಎಂದೂ ಬಿಚ್ಚಿಕೊಳ್ಳುವುದಿಲ್ಲ. ಎರಡನೆಯದು ಶಾಲಾ ಬ್ಯಾಗಿನಲ್ಲಿರುವಂತೆ ಎರಡೂ ಬದಿ ಒತ್ತಿದರೆ ಮಾತ್ರ ತೆರೆಯುವ ಪ್ಲಾಸ್ಟಿಕ್ ಕ್ಲಿಪ್. ಇದೂ ಬಿಚ್ಚಿಕೊಳ್ಳುವುದಿಲ್ಲ, ಎಳೆದಷ್ಟೂ ಬಿಗಿಯಾಗಿ ಕಚ್ಚುತ್ತದೆ. ಮೂರನೆಯದು ಬ್ರೇಕ್‌ಅವೇ ಬಕಲ್. ಬೆರಳಿನಿಂದ ಒತ್ತಿದರೂ ತೆರೆಯುತ್ತದೆ, ಜೋರಾಗಿ ಎಳೆದರೂ ತೆರೆಯುತ್ತದೆ.

ಎರಡನೆಯದಕ್ಕೂ ಮೂರನೆಯದಕ್ಕೂ ದೂರದಿಂದ ವ್ಯತ್ಯಾಸ ಕಾಣಿಸುವುದಿಲ್ಲ. ಪೊಟ್ಟಣದ ಮೇಲೆ ‘ಸೇಫ್ಟಿ’ ಅಂತ ಬರೆದಿರುವುದನ್ನು ನಂಬುವ ಬದಲು ಬಕಲ್ ಬಿಚ್ಚಿ, ಗಂಡು ಭಾಗದ ಎರಡು ಚಾಚು ಕಡ್ಡಿಗಳ ತುದಿ ನೋಡಿ. ಒಳಗೆ ಹೋಗಿ ಕಚ್ಚಿಕೊಳ್ಳುವ ಆ ತುದಿಯ ಹಿಂಬದಿಯಲ್ಲಿ ಒಂದು ಸಣ್ಣ ಭುಜ ಇರುತ್ತದೆ. ಮಾಮೂಲಿ ಕ್ಲಿಪ್ಪಿನಲ್ಲಿ ಆ ಭುಜ ಚೂಪಾದ ಮೂಲೆಯಾಗಿ, ಸುಮಾರು 90 ಡಿಗ್ರಿಯಲ್ಲಿ ನಿಂತಿರುತ್ತದೆ. ಎಳೆದರೆ ಹೆಣ್ಣು ಭಾಗದ ಅಂಚಿಗೆ ತಗುಲಿ ಅಲ್ಲೇ ನಿಲ್ಲುತ್ತದೆ. ಬ್ರೇಕ್‌ಅವೇ ಬಕಲ್‌ನಲ್ಲಿ ಭುಜ ಇಳಿಜಾರಾಗಿರುತ್ತದೆ ಅಥವಾ ದುಂಡಗಿರುತ್ತದೆ. ಎಳೆದಾಗ ಆ ಇಳಿಜಾರು ಅಂಚಿನ ಮೇಲೆ ಜಾರುತ್ತಾ ಕಡ್ಡಿಗಳನ್ನು ಒಳಕ್ಕೆ ಒತ್ತುತ್ತದೆ, ಒಂದು ಹಂತ ದಾಟಿದ ಮೇಲೆ ಕಡ್ಡಿಗಳು ಹೊರಗೆ ಬಂದುಬಿಡುತ್ತವೆ. ಬೆರಳ ಉಗುರನ್ನು ಆ ಭುಜದ ಮೇಲೆ ಎಳೆದರೆ ಸಾಕು: ಉಗುರು ತಡೆದು ನಿಂತರೆ ಮಾಮೂಲಿ ಕ್ಲಿಪ್, ಜಾರಿ ಇಳಿದರೆ ಬ್ರೇಕ್‌ಅವೇ.

ಎಲಾಸ್ಟಿಕ್ ತುಂಡು ಸೇರಿಸಿ ಹೊಲಿದ ಕಾಲರ್‌ಗಳನ್ನೂ ‘ಸೇಫ್ಟಿ’ ಅಂತ ಮಾರುತ್ತಾರೆ. ಸಿಕ್ಕಿಕೊಂಡಾಗ ಎಲಾಸ್ಟಿಕ್ ಹಿಗ್ಗಿ ಬೆಕ್ಕು ತಲೆ ಹೊರಗೆಳೆದುಕೊಳ್ಳುತ್ತದೆ ಅನ್ನುವುದು ಅವರ ವಾದ. ನಿಜಕ್ಕೂ ಆಗುವುದು ಬೇರೆ. ತಲೆ ಹೊರಗೆಳೆಯಲು ಒದ್ದಾಡುವ ಬೆಕ್ಕು ಮುಂಗಾಲನ್ನು ಪಟ್ಟಿಯೊಳಗೆ ತೂರಿಸುತ್ತದೆ, ಹಿಗ್ಗಿದ ಎಲಾಸ್ಟಿಕ್ ಕಾಲಿಗೆ ದಾರಿ ಕೊಟ್ಟು ಆಮೇಲೆ ಕಂಕುಳಿನಲ್ಲಿ ಬಿಗಿಯಾಗಿ ಕೂರುತ್ತದೆ. ಹೆಜ್ಜೆ ಹೆಜ್ಜೆಗೂ ಚರ್ಮ ಉಜ್ಜಿ ಆಳವಾದ ಗಾಯವಾಗುತ್ತದೆ. ಕಂಕುಳು ಸದಾ ಅಲುಗಾಡುವ ಜಾಗವಾದ್ದರಿಂದ ಆ ಗಾಯ ಮಾಯುವುದು ಬಹಳ ನಿಧಾನ, ಎಷ್ಟೋ ಸಲ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ಎಲಾಸ್ಟಿಕ್ ಕಾಲರ್ ಎಷ್ಟೇ ಒಳ್ಳೆಯ ಬಟ್ಟೆಯದಾಗಿದ್ದರೂ ಬೇಡ.

ನಮ್ಮಲ್ಲಿ ಇನ್ನೊಂದು ರೂಢಿ ಇದೆ. ಮರಿಯ ಕತ್ತಿಗೆ ಕರಿದಾರದಲ್ಲಿ ಗೆಜ್ಜೆ ಪೋಣಿಸಿ ಕಟ್ಟುತ್ತಾರೆ. ದೃಷ್ಟಿಗೆ ಅಂತಲೋ, ಎಲ್ಲಿದೆ ಅಂತ ತಿಳಿಯಲಿ ಅಂತಲೋ ಪ್ರೀತಿಯಿಂದಲೇ ಕಟ್ಟುವುದು. ಆದರೆ ದಾರ ತೆಳುವಾದಷ್ಟೂ ಚರ್ಮಕ್ಕೆ ಬೀಳುವ ಒತ್ತಡ ಹೆಚ್ಚು, ಹುರಿದಾರ ಹರಿಯುವುದೂ ಇಲ್ಲ. ಮರಿ ವಾರವಾರಕ್ಕೂ ಬೆಳೆಯುತ್ತದೆ, ದಾರ ಬೆಳೆಯುವುದಿಲ್ಲ. ಕೂದಲಿನಡಿ ಮರೆಯಾದ ದಾರ ಚರ್ಮವನ್ನು ಸೀಳಿ ಒಳಗೆ ಹೂತುಹೋಗಿ, ಕೀವಿನ ವಾಸನೆ ಬಂದ ಮೇಲಷ್ಟೇ ಮನೆಯವರಿಗೆ ಗೊತ್ತಾಗುತ್ತದೆ. ನಿಮ್ಮ ಬೆಕ್ಕಿನ ಕತ್ತಿನಲ್ಲಿ ಇಂಥ ದಾರ ಇದ್ದರೆ ಇವತ್ತೇ ಕತ್ತರಿಸಿ ತೆಗೆಯಿರಿ.

ನೀರಿನ ಬಾಟಲಿಯ ಪರೀಕ್ಷೆ

ಬಕಲ್ ಎಷ್ಟು ಬಲಕ್ಕೆ ಬಿಚ್ಚಿಕೊಳ್ಳುತ್ತದೆ ಅಂತ ಮನೆಯಲ್ಲೇ ಅಳೆಯಬಹುದು. ಬೇಕಾದದ್ದು ಒಂದು ಪೊರಕೆಯ ಕೋಲು, ಎರಡು ಕುರ್ಚಿ, ಕೈಚೀಲ, ಎರಡು ಲೀಟರಿನ ಖಾಲಿ ಬಾಟಲಿ ಮತ್ತು ಅಳತೆಯ ಲೋಟ. ಕೋಲನ್ನು ಕುರ್ಚಿಗಳ ನಡುವೆ ಅಡ್ಡ ಇಡಿ. ಕಾಲರ್ ಮುಚ್ಚಿ ಕೋಲಿಗೆ ತೂಗುಹಾಕಿ. ಅದರ ಕೆಳಗಿನ ಬಾಗಿನಲ್ಲಿ ಕೈಚೀಲದ ಹಿಡಿ ತೂರಿಸಿ, ಚೀಲದೊಳಗೆ ಬಾಟಲಿ ನಿಲ್ಲಿಸಿ. ಬಕಲ್ ಒಂದು ಪಕ್ಕಕ್ಕೆ ಬಂದು, ಕೋಲಿಗೂ ಚೀಲಕ್ಕೂ ನಡುಮಧ್ಯೆ ಇರಲಿ. ಕೋಲಿನ ಮೇಲೆಯೇ ಕೂತರೆ ಅದರ ಮೇಲೆ ಸರಿಯಾದ ಎಳೆತ ಬೀಳುವುದಿಲ್ಲ. ನೆಲದ ಮೇಲೆ ದಪ್ಪ ಟವೆಲ್ ಹಾಸಿ, 250 ಮಿಲಿಯಂತೆ ನಿಧಾನವಾಗಿ ನೀರು ಹಾಕುತ್ತಾ ಹೋಗಿ. ಒಂದು ಲೀಟರ್ ನೀರು ಒಂದು ಕೆಜಿ. ಎರಡು ಲೀಟರಿಗೂ ಬಿಚ್ಚಿಕೊಳ್ಳದಿದ್ದರೆ ಇನ್ನೊಂದು ಬಾಟಲಿ ಸೇರಿಸಿ.

ಇಲ್ಲೊಂದು ಲೆಕ್ಕ ತಿಳಿದಿರಬೇಕು. ಸುತ್ತು ಮುಚ್ಚಿದ ಪಟ್ಟಿಯಲ್ಲಿ ಭಾರ ಎಡಬಲ ಎರಡೂ ಬದಿಗೆ ಹಂಚಿಹೋಗುತ್ತದೆ. 4 ಕೆಜಿಯ ಬೆಕ್ಕು ಪೂರ್ತಿ ನೇತಾಡಿದರೂ ಬಕಲ್ ಮೇಲೆ ಬೀಳುವುದು 2 ಕೆಜಿ ಎಳೆತ ಮಾತ್ರ. ಬಕಲ್‌ನ ಎರಡು ತುದಿ ಹಿಡಿದು ಲಗೇಜ್ ತೂಗುವ ಕೊಕ್ಕೆ ತಕ್ಕಡಿಯಲ್ಲಿ ನೇರ ಎಳೆದು, ‘3 ಕೆಜಿಗೆ ಬಿಚ್ಚಿಕೊಂಡಿತು, ನನ್ನ ಬೆಕ್ಕು 4 ಕೆಜಿ, ಸರಿಯಿದೆ’ ಅಂದರೆ ತಪ್ಪಾಗುತ್ತದೆ. ನೇರ ಎಳೆತದಲ್ಲಿ 3 ಕೆಜಿ ತಾಳುವ ಬಕಲ್, ಕತ್ತಿನ ಸುತ್ತ ಇದ್ದಾಗ ಬಿಚ್ಚಿಕೊಳ್ಳಲು 6 ಕೆಜಿ ಬೇಕು. ಆ ಬೆಕ್ಕಿನ ಕೈಲಿ ಅದು ಆಗುವ ಮಾತಲ್ಲ. ಅದಕ್ಕೇ ಕೋಲಿನ ಪರೀಕ್ಷೆ ಮೇಲು, ಅಲ್ಲಿ ಹಂಚಿಕೆಯ ಲೆಕ್ಕ ತಾನಾಗಿ ಸೇರಿಹೋಗುತ್ತದೆ.

ಸಿಕ್ಕಿಕೊಂಡ ಬೆಕ್ಕಿನ ಹಿಂಗಾಲು ಎಷ್ಟೋ ಸಲ ನೆಲಕ್ಕೋ ಗೋಡೆಗೋ ತಾಗಿರುತ್ತದೆ, ಪೂರ್ತಿ ಭಾರ ಕಾಲರ್ ಮೇಲೆ ಬೀಳುವುದೇ ಇಲ್ಲ. ಆದ್ದರಿಂದ ಕೋಲಿನ ಪರೀಕ್ಷೆಯಲ್ಲಿ ಬೆಕ್ಕಿನ ತೂಕದ ಅರ್ಧದ ಆಸುಪಾಸಿನಲ್ಲಿ ಬಕಲ್ ಬಿಟ್ಟುಕೊಡಲಿ: 4 ಕೆಜಿಯ ಬೆಕ್ಕಿಗೆ 2 ಲೀಟರ್, 3 ಕೆಜಿಯದಕ್ಕೆ ಒಂದೂವರೆ. ಕಾಲು ಭಾಗಕ್ಕಿಂತ ಕಡಿಮೆಗೇ ಬಿಚ್ಚಿಕೊಂಡರೆ ಬೆಕ್ಕು ಹಿಂಗಾಲಿನಿಂದ ಕತ್ತು ಕೆರೆದುಕೊಂಡಾಗೆಲ್ಲ ಕಾಲರ್ ಉದುರುತ್ತದೆ. ದೊಡ್ಡ ಬೆಕ್ಕಿನ ಕಾಲರ್ ಅನ್ನು ಮರಿಗೆ ಬಿಗಿಮಾಡಿ ಹಾಕುವುದು ಏಕೆ ಕೂಡದು ಅನ್ನುವುದಕ್ಕೂ ಇದೇ ಉತ್ತರ. ಒಂದೂವರೆ ಕೆಜಿಯ ಮರಿ ಎಷ್ಟು ಒದ್ದಾಡಿದರೂ ಆ ಬಕಲ್ ತೆರೆಯಲು ಬೇಕಾದ ಭಾರ ಅದರಲ್ಲಿಲ್ಲ.

ಒಂದು ಸಲ ಅಳೆದು ಬಿಡಬೇಡಿ, ಐದು ಸಲ ಅಳೆಯಿರಿ. ಒಮ್ಮೆ 1.5 ಲೀಟರಿಗೆ ಬಿಟ್ಟ ಬಕಲ್ ಇನ್ನೊಮ್ಮೆ 3 ಲೀಟರ್ ತಾಳಿದರೆ ಅದರ ಅಚ್ಚೇ ಸರಿಯಿಲ್ಲ, ವಾಪಸ್ ಕೊಡಿ. ಆಮೇಲೆ ಬಕಲ್ ಅನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ ಮತ್ತೆ ಅಳೆಯಿರಿ. ನೈಲಾನ್ ಬಕಲ್ ನೀರು ಹೀರಿ ಮೆತ್ತಗಾಗುತ್ತದೆ, ಕಡ್ಡಿಗಳ ಸ್ಪ್ರಿಂಗ್ ಗುಣ ಇಳಿದು ಬೇಗ ಬಿಟ್ಟುಕೊಡುತ್ತದೆ. ಅಸಿಟಲ್ ಪ್ಲಾಸ್ಟಿಕ್ ನೀರು ಹೀರುವುದು ತೀರಾ ಕಡಿಮೆ, ಒದ್ದೆಯಲ್ಲೂ ಒಣಗಿದಾಗಲೂ ಹೆಚ್ಚುಕಡಿಮೆ ಒಂದೇ ರೀತಿ ವರ್ತಿಸುತ್ತದೆ. ಕೆಲವು ಬಕಲ್‌ಗಳ ಹಿಂಬದಿಯಲ್ಲಿ ವಸ್ತುವಿನ ಗುರುತು ಅಚ್ಚಾಗಿರುತ್ತದೆ. ಪಿಒಎಂ ಅಂತ ಇದ್ದರೆ ಅಸಿಟಲ್, ಪಿಎ ಅಂತ ಇದ್ದರೆ ನೈಲಾನ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಲ್ಲವೂ ತೇವವಾಗಿರುವ ಮಲೆನಾಡು, ಕರಾವಳಿಯ ಮನೆಗಳಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಪಟ್ಟಿ ಮತ್ತು ಹೊಲಿಗೆ

ಪಟ್ಟಿಯ ಅಗಲ ಒಂದು ಸೆಂಟಿಮೀಟರ್ ಇದ್ದರೆ ಸಾಕು. ಅದಕ್ಕಿಂತ ಕಿರಿದಾದರೆ ಕೊರೆಯುತ್ತದೆ, ಒಂದೂವರೆ ಸೆಂಟಿಮೀಟರ್ ದಾಟಿದರೆ ಬೆಕ್ಕಿನ ಗಿಡ್ಡ ಕತ್ತಿಗೆ ತೊಡಕು. ಹೆಚ್ಚಿನ ದೊಡ್ಡ ಬೆಕ್ಕುಗಳ ಕತ್ತಿನ ಸುತ್ತಳತೆ 20ರಿಂದ 30 ಸೆಂಟಿಮೀಟರ್ ಒಳಗೆ ಬರುತ್ತದೆ. ಟೇಪಿನಲ್ಲಿ ಅಳೆದು, ಆ ಅಳತೆ ಕಾಲರ್‌ನ ಹೊಂದಾಣಿಕೆಯ ನಡುಭಾಗಕ್ಕೆ ಬರುವಂಥದ್ದನ್ನು ಆರಿಸಿ. ಪೂರ್ತಿ ಬಿಗಿಮಾಡಿದಾಗ ಉಳಿಯುವ ಉದ್ದನೆಯ ಬಾಲ ಬೆಕ್ಕಿನ ಹಲ್ಲಿಗೆ ಸಿಗುತ್ತದೆ.

‘ನೈಲಾನ್’ ಅಂತ ಮಾರುವ ಅಗ್ಗದ ಪಟ್ಟಿಗಳಲ್ಲಿ ಎಷ್ಟೋ ಪಾಲಿಪ್ರೊಪಿಲೀನ್‌ನವು. ಪತ್ತೆಮಾಡುವುದು ಸುಲಭ. ಪಟ್ಟಿಯ ತುದಿಯಿಂದ ಒಂದು ಸಣ್ಣ ಚೂರು ಕತ್ತರಿಸಿ, ಒಂದು ಹನಿ ಸೋಪು ಬೆರೆಸಿದ ನೀರಿಗೆ ಹಾಕಿ, ಒಳಗಿನ ಗಾಳಿ ಹೋಗುವಂತೆ ಬೆರಳಲ್ಲಿ ಹಿಸುಕಿ ಬಿಡಿ. ಪಾಲಿಪ್ರೊಪಿಲೀನ್ ನೀರಿಗಿಂತ ಹಗುರ, ತೇಲುತ್ತದೆ. ನೈಲಾನ್, ಪಾಲಿಯೆಸ್ಟರ್ ಎರಡೂ ಮುಳುಗುತ್ತವೆ. ಕತ್ತರಿಸಿದ ತುದಿಯನ್ನು ಬಿಸಿ ಮಾಡಿದ ಚಾಕುವಿನಿಂದ ಮತ್ತೆ ಮುಚ್ಚುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಎಳೆ ಬಿಚ್ಚಿಕೊಳ್ಳುತ್ತದೆ. ಪಾಲಿಪ್ರೊಪಿಲೀನ್‌ಗೆ ನೀರಿನ ಭಯ ಇಲ್ಲ, ಬಿಸಿಲಿನ ಭಯ ಇದೆ. ಬಿಸಿಲು ತಡೆಯುವ ಅಂಶ ಬೆರೆಸದಿದ್ದರೆ ತಾರಸಿಯ ಮೇಲೆ ಮಲಗುವ ಬೆಕ್ಕಿನ ಕತ್ತಿನಲ್ಲಿ ಅದು ಒರಟಾಗಿ ಪುಡಿಪುಡಿ ಉದುರತೊಡಗುತ್ತದೆ. ನೈಲಾನ್ ಉಜ್ಜುವಿಕೆ ತಾಳುವುದರಲ್ಲಿ ಮೇಲು, ಮುಟ್ಟಲು ಮೃದು, ಆದರೆ ಒದ್ದೆಯಾದರೆ ತುಸು ಹಿಗ್ಗುತ್ತದೆ. ಪಾಲಿಯೆಸ್ಟರ್ ಬಿಸಿಲು, ನೀರು ಎರಡನ್ನೂ ಚೆನ್ನಾಗಿ ತಾಳುತ್ತದೆ, ಬೇಗ ಒಣಗುತ್ತದೆ. ಮಳೆ ಹೆಚ್ಚಿರುವ ಊರಿಗೆ ನಮ್ಮ ಆಯ್ಕೆ ಒತ್ತಾಗಿ ನೇಯ್ದ ಪಾಲಿಯೆಸ್ಟರ್.

ಹತ್ತಿಯದು ನೋಡಲು ಚೆಂದ, ಮಳೆಗಾಲದಲ್ಲಿ ದಿನವಿಡೀ ಒದ್ದೆಯಿದ್ದು ಬೂಷ್ಟು ಹಿಡಿಯುತ್ತದೆ. ಚರ್ಮದ ಪಟ್ಟಿ ನೆನೆದು ಒಣಗಿದರೆ ಬಿರುಸಾಗುತ್ತದೆ. ರೆಕ್ಸಿನ್‌ನಂಥ ಕೃತಕ ಚರ್ಮ ಎಲ್ಲಕ್ಕಿಂತ ನಿರಾಸೆ ಮಾಡುವ ವಸ್ತು: ಮೇಲಿನ ಪಾಲಿಯುರೆಥೇನ್ ಪದರ ಸೆಕೆ ಮತ್ತು ತೇವಕ್ಕೆ ರಾಸಾಯನಿಕವಾಗಿ ಒಡೆದು ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ, ಮೈ ನೆಕ್ಕಿಕೊಳ್ಳುವ ಬೆಕ್ಕು ಅದನ್ನು ನುಂಗುತ್ತದೆ.

ನೇಯ್ಗೆ ಪರೀಕ್ಷಿಸಲು ಪಟ್ಟಿಯನ್ನು ಬೆರಳಿನ ಮೇಲೆ ಮಡಚಿ ಬೆಳಕಿಗೆ ಹಿಡಿಯಿರಿ. ಎಳೆಗಳ ನಡುವೆ ಬೆಳಕು ಧಾರಾಳವಾಗಿ ಕಂಡರೆ ಸಡಿಲ ನೇಯ್ಗೆ, ಬೆಕ್ಕಿನ ಹಿಂಗಾಲಿನ ಉಗುರು ಅಲ್ಲೇ ಸಿಕ್ಕಿ ಎಳೆ ಹೊರಬರುತ್ತದೆ. ಅಂಚನ್ನು ನಿಮ್ಮ ಮೊಣಕೈ ಒಳಭಾಗದ ಮೇಲೆ ಹತ್ತಾರು ಸಲ ಉಜ್ಜಿ ನೋಡಿ. ಅಲ್ಲಿ ಚುಚ್ಚಿದರೆ ಬೆಕ್ಕಿನ ಗಂಟಲ ಕೆಳಗೂ ಚುಚ್ಚುತ್ತದೆ. ಬಣ್ಣ ಬಿಡುತ್ತದೆಯೇ ಅಂತ ಒದ್ದೆ ಬಿಳಿ ಬಟ್ಟೆಯಿಂದ ಒರೆಸಿ ನೋಡಿ, ಬಟ್ಟೆಗೆ ಹತ್ತಿದ ಬಣ್ಣ ಬೆಕ್ಕಿನ ನಾಲಿಗೆಗೂ ಹತ್ತುತ್ತದೆ.

ಹೊಲಿಗೆಯಲ್ಲಿ ನೋಡಬೇಕಾದದ್ದು ಬಕಲ್ ಮತ್ತು ರಿಂಗ್ ಬಳಿ ಪಟ್ಟಿ ಮಡಚಿ ಹೊಲಿದ ಜಾಗ. ಒಂದೇ ಸಾಲಿನ ಉದ್ದ ಹೊಲಿಗೆ ಒಂದು ಕಡೆ ಕಡಿದರೆ ಪೂರ್ತಿ ಬಿಚ್ಚುತ್ತದೆ. ಜೀನ್ಸ್ ಜೇಬಿನ ಮೂಲೆಯಲ್ಲಿ ಇರುತ್ತದಲ್ಲ, ಒತ್ತೊತ್ತಾಗಿ ಅಡ್ಡಡ್ಡ ಹಾಕಿದ ಬಾರ್ ಟ್ಯಾಕ್ ಹೊಲಿಗೆ, ಅದು ಇರಬೇಕು. ಒಳಬದಿಯಲ್ಲಿ ದಾರದ ಗಂಟು ಉಬ್ಬಿದ್ದರೆ, ಕರಗಿಸಿದ ತುದಿ ಗಾಜಿನ ಚೂರಿನ ಹಾಗೆ ಗಡುಸಾಗಿದ್ದರೆ ಬೇಡ.

ಜಾರುವ ಸ್ಲೈಡರ್

ಉದ್ದ ಹೊಂದಿಸುವ ಪ್ಲಾಸ್ಟಿಕ್ ಸ್ಲೈಡರ್ ಕಡೆ ಯಾರ ಗಮನವೂ ಹೋಗುವುದಿಲ್ಲ. ಆದರೆ ಕಾಲರ್‌ನಿಂದಾಗುವ ತೊಂದರೆಗಳಲ್ಲಿ ದೊಡ್ಡ ಪಾಲು ಇದರದ್ದು. ಬಿಗಿ ಸರಿಯಾಗಿಯೇ ಕಟ್ಟಿರುತ್ತೀರಿ. ಬೆಕ್ಕು ಕೆರೆದುಕೊಂಡಾಗೆಲ್ಲ ಪಟ್ಟಿ ಸ್ಲೈಡರ್‌ನಲ್ಲಿ ಒಂದೆರಡು ಮಿಲಿಮೀಟರ್ ಜಾರುತ್ತದೆ. ವಾರ ಕಳೆಯುವಷ್ಟರಲ್ಲಿ ಕಾಲರ್ ಸಡಿಲವಾಗಿ, ಮೈ ನೆಕ್ಕುವಾಗ ಕೆಳದವಡೆ ಅದರೊಳಗೆ ಸಿಕ್ಕುತ್ತದೆ, ಇಲ್ಲವೇ ಮುಂಗಾಲು ತೂರುತ್ತದೆ. ಬಕಲ್ ಎಷ್ಟೇ ಒಳ್ಳೆಯದಿದ್ದರೂ ಇಂಥ ಸ್ಥಿತಿಯಲ್ಲಿ ಅದರ ಮೇಲೆ ನೇರ ಎಳೆತ ಬೀಳದೆ ಬಿಚ್ಚಿಕೊಳ್ಳದೇ ಹೋಗಬಹುದು.

ಸ್ಲೈಡರ್‌ನ ನಡುಗಂಬಿಯ ಮೇಲೆ ಹಲ್ಲುಹಲ್ಲಾದ ಗೆರೆಗಳಿರಬೇಕು, ಪಟ್ಟಿಯ ದಪ್ಪಕ್ಕೂ ಸ್ಲೈಡರ್‌ನ ಸಂದಿಗೂ ಹೊಂದಿಕೆ ಇರಬೇಕು. ಕಾಲರ್ ಹಾಕಿದ ದಿನವೇ ಸ್ಲೈಡರ್ ಅಂಚಿಗೆ ಸರಿಯಾಗಿ ಪಟ್ಟಿಯ ಮೇಲೆ ಪೆನ್ನಿನಿಂದ ಒಂದು ಗೆರೆ ಎಳೆಯಿರಿ. ವಾರದ ನಂತರ ಗೆರೆ ಅರ್ಧ ಸೆಂಟಿಮೀಟರ್‌ಗಿಂತ ಹೆಚ್ಚು ಸರಿದಿದ್ದರೆ ಆ ಕಾಲರ್ ಕೆಲಸಕ್ಕೆ ಬಾರದು. ಬಾಟಲಿ ಪರೀಕ್ಷೆಯಲ್ಲೂ ಈ ಗೆರೆ ನೋಡಿಕೊಳ್ಳಿ.

ಬಿಗಿಯ ಅಳತೆ: ಕತ್ತಿಗೂ ಪಟ್ಟಿಗೂ ನಡುವೆ ಎರಡು ಬೆರಳು ಚಪ್ಪಟೆಯಾಗಿ ಹೋಗಬೇಕು, ಮೂರನೆಯದು ಹೋಗಬಾರದು. ಹೊಸದಾಗಿ ಹಾಕುವಾಗ ಬೆಕ್ಕು ಕತ್ತಿನ ಸ್ನಾಯು ಬಿಗಿಹಿಡಿದಿರುತ್ತದೆ. ಹತ್ತು ನಿಮಿಷ ಬಿಟ್ಟು, ಅದು ನಿರಾಳವಾದ ಮೇಲೆ ಮತ್ತೊಮ್ಮೆ ನೋಡಿ. ಆರು ತಿಂಗಳೊಳಗಿನ ಮರಿಯಾದರೆ ವಾರಕ್ಕೊಮ್ಮೆ ಅಳೆಯಲೇಬೇಕು.

ರಿಂಗ್, ಗೆಜ್ಜೆ, ಬಿಲ್ಲೆ

ಡಿ ಆಕಾರದ ರಿಂಗ್ ಬೆಸುಗೆ ಹಾಕಿದ್ದಾಗಿರಲಿ. ಬರೀ ಬಗ್ಗಿಸಿ ಕೂಡಿಸಿದ್ದಾದರೆ ಸಂದಿಯಲ್ಲಿ ಕೂದಲು ಸಿಕ್ಕುತ್ತದೆ, ಫೋನ್ ನಂಬರಿನ ಬಿಲ್ಲೆ ಜಾರಿಹೋಗುತ್ತದೆ. ಫ್ರಿಜ್ ಮೇಲಿನ ಆಯಸ್ಕಾಂತ ಹಿಡಿದು ನೋಡಿ. ಗಟ್ಟಿಯಾಗಿ ಅಂಟಿದರೆ ಒಳಗೆ ಕಬ್ಬಿಣ, ಮೇಲೆ ಬರೀ ಲೇಪ. ಉಪ್ಪುಗಾಳಿಯ ಮಂಗಳೂರು, ಕಾರವಾರದ ಕಡೆ ಬೇಗನೆ ತುಕ್ಕು ಕಾಣಿಸಿಕೊಂಡು ಬಿಳಿ ಬೆಕ್ಕಿನ ಕತ್ತಿನಲ್ಲಿ ಕಂದು ಕಲೆ ಮೂಡುತ್ತದೆ. ಅಂಟದಿದ್ದರೆ ಹಿತ್ತಾಳೆಯೋ, ಸ್ಟೇನ್‌ಲೆಸ್ ಸ್ಟೀಲೋ, ಸತುವಿನ ಎರಕವೋ ಇರಬಹುದು. ಸತುವಿನದು ತುಕ್ಕು ಹಿಡಿಯದಿದ್ದರೂ ತಟ್ಟನೆ ಮುರಿಯುವ ಗುಣ ಇದೆ.

ಗೆಜ್ಜೆ ಇದ್ದರೆ ಅದರ ಸೀಳು ಎಷ್ಟು ಅಗಲ ನೋಡಿ, ಬೆಕ್ಕಿನ ಉಗುರು ಒಳಗೆ ಹೋಗಿ ಕೊಕ್ಕೆಯಂತೆ ಸಿಕ್ಕಿಕೊಳ್ಳುವಷ್ಟು ಇರಬಾರದು. ಗೆಜ್ಜೆಯಿಂದ ಹಕ್ಕಿಗಳು ಉಳಿಯುತ್ತವೆಯೇ? ಬ್ರಿಟನ್ನಿನಲ್ಲಿ 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗೆಜ್ಜೆ ಕಟ್ಟಿದ ಬೆಕ್ಕುಗಳು ಮನೆಗೆ ತಂದ ಹಕ್ಕಿಗಳು ಶೇ 41ರಷ್ಟು ಕಡಿಮೆಯಾಗಿದ್ದವು. ಅಲ್ಲಿಯೇ 2021ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನಕ್ಕೆ ಗೆಜ್ಜೆಯಿಂದ ಗಮನಾರ್ಹ ಪರಿಣಾಮ ಕಾಣಲಿಲ್ಲ, ಆದರೆ ಕಣ್ಣಿಗೆ ಹೊಡೆಯುವ ಬಣ್ಣದ ಬಟ್ಟೆಯ ಹೊದಿಕೆ ಹಾಕಿದ ಕಾಲರ್‌ನಿಂದ ಹಕ್ಕಿಗಳ ಬೇಟೆ ಶೇ 42ರಷ್ಟು ಇಳಿಯಿತು.

ಕಾಲರ್‌ನ ನಿಜವಾದ ಉಪಯೋಗ ಫೋನ್ ನಂಬರ್. ನೇತಾಡುವ ಬಿಲ್ಲೆಗಿಂತ ಪಟ್ಟಿಯ ಮೇಲೇ ಕಸೂತಿ ಹಾಕಿಸಿದ ನಂಬರ್ ಒಳ್ಳೆಯದು, ತೂಕವೂ ಇಲ್ಲ, ಸಿಕ್ಕಿಕೊಳ್ಳುವ ಭಯವೂ ಇಲ್ಲ. ಬಿಲ್ಲೆಯೇ ಬೇಕಾದರೆ ಕೊರೆದ ಅಕ್ಷರದ್ದು ಇರಲಿ, ಮುದ್ರಿಸಿದ್ದು ಅಳಿಸುತ್ತದೆ. ಜಿಪಿಎಸ್ ಕಟ್ಟುವವರು ಕಾಲರ್ ಸೇರಿ ಒಟ್ಟು ತೂಕ ಬೆಕ್ಕಿನ ತೂಕದ ಶೇ 2ರೊಳಗೆ ಇಟ್ಟುಕೊಳ್ಳಿ, 4 ಕೆಜಿಗೆ 80 ಗ್ರಾಂ ಮೇಲ್ಮಿತಿ. ಬಿಟ್ಟುಕೊಡುವ ಕಾಲರ್ ಎಂದಾದರೂ ಕಳೆದೇ ಕಳೆಯುತ್ತದೆ, ಆದ್ದರಿಂದ ಚರ್ಮದಡಿ ಹಾಕುವ ಮೈಕ್ರೋಚಿಪ್ ಅನ್ನೂ ಪಶುವೈದ್ಯರಲ್ಲಿ ಹಾಕಿಸಿಟ್ಟರೆ ಒಳ್ಳೆಯದು.

ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದವರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 538 ಬೆಕ್ಕುಗಳಿಗೆ ಕಾಲರ್ ಹಾಕಿ ಆರು ತಿಂಗಳು ನೋಡಿದರು. 391 ಬೆಕ್ಕುಗಳು ಕೊನೆಯವರೆಗೂ ಹಾಕಿಕೊಂಡಿದ್ದವು. 18ಕ್ಕೆ ಮುಂಗಾಲು, ಬಾಯಿ ಅಥವಾ ಯಾವುದಾದರೂ ವಸ್ತುವಿಗೆ ಕಾಲರ್ ಸಿಕ್ಕಿಕೊಂಡಿತ್ತು. ಬೆಕ್ಕುಗಳು ಕಾಲರ್ ಒಪ್ಪುವುದೇ ಇಲ್ಲ ಅನ್ನುವ ಮಾತಿಗೂ, ಏನೂ ಆಗುವುದಿಲ್ಲ ಅನ್ನುವ ಧೈರ್ಯಕ್ಕೂ ಈ ಅಂಕಿ ಒಟ್ಟಿಗೇ ಉತ್ತರ.

ಚಿಗಟದ ಕಾಲರ್ ಬೇರೆಯೇ ವಿಷಯ. ಒಂದು ಎಚ್ಚರಿಕೆ ಮಾತ್ರ ಇಲ್ಲಿ ಹೇಳಲೇಬೇಕು: ನಾಯಿಗೆಂದು ಮಾಡಿದ ಉಣ್ಣಿ-ಚಿಗಟದ ಕಾಲರ್ ಅನ್ನು ಕತ್ತರಿಸಿ ಗಿಡ್ಡ ಮಾಡಿ ಬೆಕ್ಕಿಗೆ ಹಾಕಬೇಡಿ. ಅವುಗಳಲ್ಲಿ ಇರಬಹುದಾದ ಪರ್ಮೆತ್ರಿನ್, ಡೆಲ್ಟಾಮೆತ್ರಿನ್ ಬೆಕ್ಕಿಗೆ ವಿಷ. ಬೆಕ್ಕಿನ ಯಕೃತ್ತಿಗೆ ಇಂಥ ರಾಸಾಯನಿಕಗಳನ್ನು ಒಡೆದು ಹೊರಹಾಕುವ ಶಕ್ತಿ ಬಹಳ ಕಡಿಮೆ, ನಡುಕ, ಸೆಳೆತ ಬಂದು ಸಾಯಲೂಬಹುದು.

ತೊಳೆಯುವುದು, ಬದಲಿಸುವುದು

ತಿಂಗಳಿಗೊಮ್ಮೆ ಬೆಚ್ಚಗಿನ ನೀರು, ಸೌಮ್ಯ ಸೋಪಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ಬ್ಲೀಚ್ ನೈಲಾನ್ ಎಳೆಗಳನ್ನು ತಿನ್ನುತ್ತದೆ. ಫಿನಾಯಿಲ್, ಕ್ಲೋರೊಕ್ಸಿಲೆನಾಲ್ ಇರುವ ಆಂಟಿಸೆಪ್ಟಿಕ್ ದ್ರವಗಳು ಬೆಕ್ಕಿಗೇ ವಿಷ, ಕಾಲರ್ ತೊಳೆಯಲು ಅವು ಹತ್ತಿರವೂ ಬರಬಾರದು. ಬಕಲ್‌ನ ಒಳಗೆ ಸೇರಿದ ಕೂದಲು, ಮರಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯಿರಿ. ಒಂದು ಕೂದಲಿನ ಉಂಡೆ ಕಡ್ಡಿಗಳ ನಡುವೆ ಕೂತರೆ ಅವು ಒಳಕ್ಕೆ ಬಾಗಲಾರವು, ಬಕಲ್ ಬಿಚ್ಚಿಕೊಳ್ಳದು. ಎಣ್ಣೆ ಹಾಕಬೇಡಿ, ಬಿಡುವ ಬಲ ಇಳಿಯುತ್ತದೆ, ಧೂಳೂ ಅಂಟುತ್ತದೆ.

ಒಣಗಿದ ಮೇಲೆ ಕಡ್ಡಿಗಳ ಬುಡವನ್ನು ಬೆಳಕಿನಲ್ಲಿ ನೋಡಿ. ಬಣ್ಣದ ಪ್ಲಾಸ್ಟಿಕ್‌ನಲ್ಲಿ ಬಿಳಿ ಗೆರೆ ಮೂಡಿದ್ದರೆ ಅಲ್ಲಿ ವಸ್ತು ದಣಿದಿದೆ, ಬಿರುಕು ಶುರುವಾಗಿದೆ. ಭುಜದ ಇಳಿಜಾರು ಸವೆದು ಹೊಳಪಾಗಿದ್ದರೆ ಮತ್ತೊಮ್ಮೆ ಬಾಟಲಿ ಪರೀಕ್ಷೆ ಮಾಡಿ. ಹೊಸದಿದ್ದಾಗ ಬಂದ ಅಳತೆಯನ್ನೂ ಕೊಂಡ ತಿಂಗಳನ್ನೂ ಪಟ್ಟಿಯ ಒಳಬದಿಯಲ್ಲಿ ಮಾರ್ಕರ್‌ನಿಂದ ಬರೆದಿಟ್ಟಿದ್ದರೆ ಹೋಲಿಸಲು ಸುಲಭ. ಅರ್ಧ ಲೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ, ಮೇಲಕ್ಕಾಗಲಿ ಕೆಳಕ್ಕಾಗಲಿ, ಬದಲಿಸುವ ಕಾಲ ಬಂದಿದೆ. ಹೊರಗೆ ಅಲೆಯುವ ಬೆಕ್ಕಿನ ಕಾಲರ್ ನೋಡಲು ಚೆನ್ನಾಗಿದ್ದರೂ ವರ್ಷಕ್ಕಿಂತ ಹೆಚ್ಚು ಇಡುವುದು ಬೇಡ. ಒಂದೇ ಬಗೆಯ ಎರಡು ಕಾಲರ್ ಕೊಂಡು, ಎರಡನ್ನೂ ಪರೀಕ್ಷಿಸಿ, ನಂಬರ್ ಹಾಕಿಸಿ ಇಟ್ಟುಕೊಳ್ಳಿ. ಬೆಕ್ಕು ಬರಿಗತ್ತಿನಲ್ಲಿ ಮನೆಗೆ ಬಂದ ದಿನ ಅಂಗಡಿಯಲ್ಲಿ ಸಿಕ್ಕಿದ್ದನ್ನು ಅವಸರದಲ್ಲಿ ತರುವುದು ತಪ್ಪುತ್ತದೆ.